ರಾಕ್ಷಸವಧೆಯೂ ಕರುಣರಸವೂ

ಚಿತ್ರಗಳ ಮೂಲಕ ಕಥೆ ಹೇಳುವ ಪುಸ್ತಕಗಳ ವಿಷಯದಲ್ಲಿ ಕನ್ನಡನಾಡಿನ ಪಂಡಿತವರ್ಗಕ್ಕೆ ಇಂದಿಗೂ ಅಷ್ಟಾಗಿ ಆದರವಿಲ್ಲ. ಅವು ಅಕ್ಷರ ಕಲಿಯುವ ಶಿಶುಗಳಿಗೆ ಮೀಸಲಾದವು, ಅಕ್ಷರ ಬಲ್ಲವರಿಗೆ ಬರಿಯ ಕಾಲಹರಣ, ಎಂಬ ಭಾವನೆ ಬೇರೂರಿದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ‘ಅಮರ ಚಿತ್ರಕಥೆ’ಯನ್ನು ಆರಂಭಿಸಿ ಪುರಾಣೇತಿಹಾಸಗಳನ್ನು ಚಿತ್ರರೂಪಕ್ಕೆ ತಂದಾಗ ಈ ಉಪೇಕ್ಷೆಯು ಸ್ವಲ್ಪ ಸಡಿಲವಾಯಿತು. ಆದರೆ ಅಲ್ಲಿಯೂ ಪ್ರಶಂಸೆಗೆ ಪಾತ್ರವಾದದ್ದು ವಸ್ತುವಿನ ಪಾವಿತ್ರ್ಯವೇ ಹೊರತು ಚಿತ್ರಕಥೆಯೆಂಬ ಕಾವ್ಯಪ್ರಕಾರವಲ್ಲ. ಹೀಗಿರಲು, ರಕ್ತವೂ ಛಿನ್ನವಾದ ತಲೆಗಳೂ ತುಂಬಿದ, ನರಭಕ್ಷಕ ಭೂತಗಳನ್ನು ಬೇಟೆಯಾಡುವ ಒಬ್ಬ ಹುಡುಗನ ಜಪಾನೀ ಚಿತ್ರಕಥೆಯನ್ನು ರಸವಿಚಾರಕ್ಕೆ ಎತ್ತಿಕೊಳ್ಳುವುದು ಕೆಲವರಿಗೆ ಅಸಂಗತವಾಗಿ ಕಂಡೀತು. ಮನೆಯ ಮಕ್ಕಳು ಓದುತ್ತಿರುವ ಪುಸ್ತಕವನ್ನು ಹಿರಿಯರು ಹೊರಹೊದಿಕೆ ನೋಡಿಯೇ ನಿಂದಿಸುವುದು ಅದಕ್ಕಿಂತಲೂ ಅಸಂಗತವಾದುದು.

ಪ್ರಕೃತ ಗ್ರಂಥದ ಹೆಸರು ‘ಕಿಮೆತ್ಸು ನೊ ಯೈಬ’. ಓನಿಗಳನ್ನು ನಾಶಮಾಡುವ ಖಡ್ಗವೆಂದು ಇದರ ಅರ್ಥ; ಓನಿ ಎಂದರೆ ಜಪಾನಿನ ರಾಕ್ಷಸ. ಕರ್ತೃ ಕೊಯೊಹರು ಗೊತೋಗೆ ಎಂಬುವರು. ಇದು ಕಾವ್ಯನಾಮ. ಈ ಗ್ರಂಥಕರ್ತರು ತಮ್ಮ ಮುಖವನ್ನು ಲೋಕಕ್ಕೆ ತೋರಿಸಿದವರಲ್ಲ. ತಮ್ಮನ್ನು ಚಿತ್ರಿಸಿಕೊಳ್ಳಬೇಕಾದ ಕಡೆ ಕನ್ನಡಕ ಹಾಕಿಕೊಂಡ ಒಂದು ಮೊಸಳೆಯನ್ನು ಬರೆದು ಸುಮ್ಮನಾಗುತ್ತಾರೆ. ಬಾಲಕರಿಗಾಗಿ ಪ್ರಕಟವಾಗುವ ಒಂದು ಪ್ರಸಿದ್ಧ ಜಪಾನೀ ವಾರಪತ್ರಿಕೆಯಲ್ಲಿ 2016ರ ಫೆಬ್ರವರಿಯಿಂದ 2020ರ ಮೇ ತಿಂಗಳವರೆಗೆ ಈ ಕಥೆ 205 ಅಧ್ಯಾಯಗಳಾಗಿ ಬಂದು, ಆಮೇಲೆ 23 ಸಂಪುಟಗಳಲ್ಲಿ ಗ್ರಂಥರೂಪವನ್ನು ತಾಳಿತು. 2019ರಲ್ಲಿ ಚಲಿಸುವ ಚಿತ್ರಮಾಲೆಯಾಗಿ ದೂರದರ್ಶನಕ್ಕೆ ಬಂದ ಮೇಲೆ ಇದರ ಕೀರ್ತಿ ನಾಲ್ಕು ದಿಕ್ಕಿಗೂ ಹಬ್ಬಿತು. 2020ರಲ್ಲಿ ಇದರ ಒಂದು ಭಾಗವನ್ನಾಧರಿಸಿ ತೆಗೆದ ಚಲನಚಿತ್ರವು ಜಪಾನಿನಲ್ಲಿ ಅದುವರೆಗಿನ ಎಲ್ಲ ಚಿತ್ರಗಳ ಗಳಿಕೆಯನ್ನೂ ಮೀರಿಸಿತು. ಜನಪ್ರಿಯತೆಯು ಗುಣಕ್ಕೆ ಪ್ರಮಾಣವಲ್ಲ, ದೋಷಕ್ಕೂ ಪ್ರಮಾಣವಲ್ಲ. ಆದುದರಿಂದ ಅದನ್ನು ಇಲ್ಲಿಗೇ ಬಿಟ್ಟು ಗ್ರಂಥವನ್ನೇ ನೋಡುವುದು ಯುಕ್ತ.

ಕಥೆಯ ಕಾಲ ತೈಶೋ ಯುಗ, ಎಂದರೆ 1912ರಿಂದ 1926ರವರೆಗಿನ ಅವಧಿ. ಜಪಾನಿಗೆ ಆಗ ರೈಲೂ ವಿದ್ಯುದ್ದೀಪವೂ ಬಂದಿವೆ. ಖಡ್ಗಧಾರಣೆಯನ್ನು ಸರ್ಕಾರವು 1876ರಲ್ಲಿಯೇ ನಿಷೇಧಿಸಿದೆ. ಬೆಟ್ಟದ ಮೇಲೆ ಇದ್ದಿಲು ಸುಟ್ಟು ಮಾರಿ ಜೀವಿಸುವ ಒಂದು ಬಡ ಕುಟುಂಬ. ತಂದೆ ತೀರಿಕೊಂಡಿದ್ದಾನೆ. ಹದಿಮೂರು ವರ್ಷದ ಹಿರಿಯ ಮಗ ತಾಂಜಿರೊ ಹಿಮದಲ್ಲಿ ಇದ್ದಿಲ ಹೊರೆ ಹೊತ್ತು ಪೇಟೆಗೆ ಇಳಿದು, ಕತ್ತಲಾಯಿತೆಂದು ದಾರಿಯ ಮನೆಯೊಂದರಲ್ಲಿ ಆ ರಾತ್ರಿ ಉಳಿಯುತ್ತಾನೆ. ಬೆಳಗ್ಗೆ ಮನೆಗೆ ಬಂದರೆ ತಾಯಿಯೂ ತಮ್ಮ ತಂಗಿಯರೂ ಹತರಾಗಿ ಬಿದ್ದಿದ್ದಾರೆ. ನೆಜುಕೊ ಎಂಬ ಒಬ್ಬ ತಂಗಿಯಲ್ಲಿ ಮಾತ್ರ ಉಸಿರಿದೆ. ಆದರೆ ಅವಳು ಓನಿಯಾಗಿ ಪರಿವರ್ತಿತಳಾಗಿದ್ದಾಳೆ. ಅವಳನ್ನು ಕೊಲ್ಲಲು ಬಂದ ಗಿಯು ತೊಮಿಯೋಕ ಎಂಬ ಬೇಟೆಗಾರನ ಮುಂದೆ ಹುಡುಗ ಹಿಮದಲ್ಲಿ ಸಾಷ್ಟಾಂಗ ಬಿದ್ದು ಬೇಡಿಕೊಳ್ಳುತ್ತಾನೆ. ಬದುಕುವ ಸಾಯುವ ಅಧಿಕಾರವನ್ನು ಪರರ ಕೈಗೆ ಹೀಗೆ ಒಪ್ಪಿಸಬೇಡವೆಂದು ಅವನು ಗದರುತ್ತಾನೆ. ಅಣ್ಣನು ಮೂರ್ಛಿತನಾದಾಗ ಹಸಿದಿದ್ದ ತಂಗಿ ಅವನನ್ನು ತಿನ್ನದೆ ಅಡ್ಡನಿಂತು ಕಾಯುವುದನ್ನು ಕಂಡು ಆ ಕಠಿನನು ಖಡ್ಗವನ್ನು ಒರೆಗೆ ಸೇರಿಸುತ್ತಾನೆ. ತಂಗಿಯನ್ನು ಮತ್ತೆ ಮನುಷ್ಯಳನ್ನಾಗಿ ಮಾಡುವ ಉಪಾಯವನ್ನು ಹುಡುಕಿ, ಅವಳನ್ನು ಮರದ ಪೆಟ್ಟಿಗೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು, ತಾಂಜಿರೊ ಖಡ್ಗವಿದ್ಯೆ ಕಲಿತು ಓನಿಗಳ ಬೇಟೆಗೆ ಹೊರಡುವುದೇ ಮುಂದಿನ ಕಥೆ. ಬೇಟೆಗಾರನ ಬೆನ್ನ ಮೇಲೆಯೇ ಬೇಟೆಯ ಜಾತಿಗೆ ಸೇರಿದವಳೊಬ್ಬಳು ಮಲಗಿರುವ ಈ ಸನ್ನಿವೇಶವೊಂದರಲ್ಲಿಯೇ ಗ್ರಂಥದ ಬೀಜವೆಲ್ಲ ಅಡಗಿದೆ.

ಓನಿಯ ಕಥೆ ಜಪಾನಿಗೆ ಹೊಸದಲ್ಲ. ವಸಂತಾರಂಭದ ಮುನ್ನಾದಿನ ಹುರಿದ ಕಾಳನ್ನು ಎರಚಿ, ಓನಿಗಳು ಹೊರಗೆ ಹೋಗಲಿ, ಭಾಗ್ಯ ಒಳಗೆ ಬರಲಿ ಎಂದು ಕೂಗುವ ಆಚಾರ ಅಲ್ಲಿ ಇಂದಿಗೂ ಇದೆ. ಬೌದ್ಧಧರ್ಮದೊಡನೆ ಭರತಖಂಡದ ಯಕ್ಷರಾಕ್ಷಸರೂ ಚೀನದ ಮಾರ್ಗವಾಗಿ ಆ ದ್ವೀಪಗಳಿಗೆ ಹೋದರು. ಜಪಾನೀಯರ ‘ರಸೆತ್ಸು’ ಸಂಸ್ಕೃತದ ರಾಕ್ಷಸನೇ, ‘ಯಶ’ ಯಕ್ಷನೇ, ಅವರ ನರಕದ ಅಧಿಪತಿ ‘ಎಮ್ಮ’ ಯಮನೇ. ಪ್ರಕೃತ ಕಥೆಯಲ್ಲಿಯೂ ಹಿಮೆಜಿಮಾ ಎಂಬ ಮಹಾಕಾಯನಾದ ಅಂಧ ಬೇಟೆಗಾರನು ಜಪಮಾಲೆಯನ್ನು ಧರಿಸಿ ಅಮಿತಾಭನ ನಾಮವನ್ನು ಸ್ಮರಿಸುತ್ತ ಕಣ್ಣೀರು ಸುರಿಸುತ್ತಾನೆ. ಆದುದರಿಂದ ಸಂಸ್ಕೃತಾಭ್ಯಾಸಿಗಳಿಗೆ ಈ ಲೋಕವು ಹೊರನೋಟಕ್ಕೆ ಕಾಣುವಷ್ಟು ದೂರದ್ದಲ್ಲ.

ಓನಿವಧೆಯ ಹಳೆಯ ಕಥೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಓಎ ಪರ್ವತದ ಶುತೆನ್‌ದೋಜಿಯ ಕಥೆ. ಮಿನಮೊತೊ ವಂಶದ ರಾಯ್ಕೋ ಎಂಬ ವೀರನು ಪರಿವಾರಸಮೇತನಾಗಿ ಯತಿವೇಷದಿಂದ ಓನಿಯ ಗುಹೆಯನ್ನು ಹೊಕ್ಕು, ಅತಿಥಿಯಾಗಿ ಕುಳಿತು, ಮದ್ಯದಲ್ಲಿ ವಿಷವಿಕ್ಕಿ, ಮಲಗಿದವನ ತಲೆಯನ್ನು ಕಡಿಯುತ್ತಾನೆ. ಸಾಯುವ ಓನಿಯು ಇಂಥ ಕಪಟವನ್ನು ತನ್ನ ಜಾತಿಯವರು ಅರಿಯರೆಂದು ಆಕ್ರೋಶಿಸುತ್ತಾನೆ. ಕೇಳುವವರ ಮನಸ್ಸನ್ನು ಆ ಮಾತು ಒಂದು ಕ್ಷಣ ಕಲಕುತ್ತದೆ. ಬಳಿಕ ವೀರರು ಜಯಘೋಷದೊಡನೆ ರಾಜಧಾನಿಗೆ ಹಿಂದಿರುಗುತ್ತಾರೆ, ಕಥೆ ಮುಗಿಯುತ್ತದೆ. ಹಳೆಯ ಕಥೆಗಾರರು ಒಂದು ಕ್ಷಣ ಮಾತ್ರ ತೆರೆದು ಮುಚ್ಚಿದ ಆ ಬಾಗಿಲನ್ನು ಗೊತೋಗೆಯವರು ತೆರೆದೇ ಇಟ್ಟಿದ್ದಾರೆ. ಇದೇ ಅವರ ಗ್ರಂಥದ ವಿಶೇಷ.

ಈ ಕಥೆಯ ಓನಿಗಳೆಲ್ಲರೂ ಒಂದಾನೊಂದು ಕಾಲದಲ್ಲಿ ಮನುಷ್ಯರು. ಮುಜಾನ್ ಎಂಬ ಆದಿ ಓನಿಯ ರಕ್ತಸಂಪರ್ಕದಿಂದ ಅವರು ಓನಿಗಳಾದವರು. ಗಾಯಗಳು ಕ್ಷಣದಲ್ಲಿ ಮಾಯುತ್ತವೆ, ವಾರ್ಧಕ್ಯವಿಲ್ಲ. ಆದರೆ ನರಮಾಂಸವಿಲ್ಲದೆ ಬಾಳಲಾರರು, ಸೂರ್ಯಪ್ರಕಾಶವನ್ನು ಸಹಿಸಲಾರರು, ಮನುಷ್ಯಜನ್ಮದ ನೆನಪನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತಾರೆ. ಬೇಟೆಗಾರರ ವಿಶೇಷ ಖಡ್ಗದಿಂದ ಕಂಠಚ್ಛೇದವಾದಾಗ, ದೇಹ ಬೂದಿಯಾಗಿ ಉದುರುವ ಅಲ್ಪಾವಧಿಯಲ್ಲಿ ಆ ನೆನಪು ಮರಳುತ್ತದೆ. ಎರಡನೆಯ ಸಂಪುಟದ ಮೊದಲಲ್ಲಿ ಬರುವ, ಅನೇಕ ಕೈಗಳನ್ನು ಮೈಗೆ ಸುತ್ತಿಕೊಂಡ ವಿಕಾರ ಓನಿಯನ್ನು ನೋಡಬೇಕು. ತಾಂಜಿರೊವಿನ ಗುರುವಾದ ಉರೊಕೊದಾಕಿಯ ಶಿಷ್ಯರನ್ನೇ ಆರಿಸಿ ಆರಿಸಿ ತಿಂದವನು ಅವನು. ತಲೆ ಉರುಳಿದ ಮೇಲೆ ಅವನಿಗೆ ನೆನಪಾಗುವುದು ಇಷ್ಟೇ: ಕತ್ತಲಲ್ಲಿ ಹೆದರಿದಾಗ ಅಣ್ಣನ ಕೈ ಹಿಡಿಯಬೇಕೆನ್ನಿಸುತ್ತಿತ್ತು. ಅಷ್ಟು ಕೈಗಳು ಏಕೆ ಬೆಳೆದುವೆಂಬುದು ವಾಚಕರಿಗೆ ಆಗ ಹೊಳೆಯುತ್ತದೆ. ತಾಂಜಿರೊ ಬೂದಿಯಾಗುತ್ತಿರುವ ಆ ಕೈಯನ್ನು ಎರಡು ಕೈಗಳಿಂದಲೂ ಹಿಡಿದುಕೊಂಡು, ಮುಂದಿನ ಜನ್ಮದಲ್ಲಿ ಇವನು ಓನಿಯಾಗದಿರಲಿ ಎಂದು ಪ್ರಾರ್ಥಿಸುತ್ತಾನೆ. ವಿಕಾರವನ್ನು ಬೀಭತ್ಸಕ್ಕಾಗಿ ಬರೆದದ್ದೆಂದು ಓದುತ್ತ ಬಂದವರಿಗೆ ಅದು ಕರುಣದ ವಿಭಾವವಾಗಿ ಪರಿಣಮಿಸುವುದು ಇಲ್ಲಿಯ ಚಮತ್ಕಾರ. ಮಾತಿನಿಂದ ಹೇಳಿದ್ದರೆ ಇದು ಇಷ್ಟು ಫಲಿಸುತ್ತಿರಲಿಲ್ಲ. ರೂಪವೇ ವ್ಯಂಜಕವಾಗಿದೆ.

ಇದಕ್ಕಿಂತಲೂ ಸೂಕ್ಷ್ಮವಾದುದು ಮೂರನೆಯ ಸಂಪುಟದ ಕ್ಯೋಗಾಯ್ ಎಂಬ ಓನಿಯ ಪ್ರಸಂಗ. ಸಾಹಿತ್ಯಾಸಕ್ತರಾದವರು ಬೇರೇನನ್ನು ಓದದಿದ್ದರೂ ಇದನ್ನು ಓದಬೇಕು. ಇವನ ಮೈಯಲ್ಲಿಯೇ ಕೈಮದ್ದಳೆಗಳು ಮೂಡಿವೆ. ಅವುಗಳನ್ನು ಬಡಿದಾಗ ಮನೆಯ ಕೋಣೆಗಳು ತಿರುಗುತ್ತವೆ, ನೆಲವೇ ಗೋಡೆಯಾಗುತ್ತದೆ, ಗೋಡೆಯೇ ಮಾಳಿಗೆಯಾಗುತ್ತದೆ. ಮನುಷ್ಯನಾಗಿದ್ದಾಗ ಇವನೊಬ್ಬ ಲೇಖಕ. ಬರೆದದ್ದನ್ನು ಯಾರೂ ಮೆಚ್ಚಲಿಲ್ಲ. ಒಬ್ಬನು ಅವನ ಬರಹ ಕಸವೆಂದು ಜರೆದು ಹಸ್ತಪ್ರತಿಯ ಹಾಳೆಗಳನ್ನು ಕಾಲಿನಿಂದ ತುಳಿದನು. ಕ್ಯೋಗಾಯ್ ಅವನನ್ನು ಕೊಂದನು. ಓನಿಗಳ ಗಣನೆಯಲ್ಲಿಯೂ ಅವನು ಅಯೋಗ್ಯನೆನಿಸಿ ಪದಭ್ರಷ್ಟನಾಗಿದ್ದಾನೆ. ಈ ಮನೆಯಲ್ಲಿ ತಾಂಜಿರೊ ಹಳೆಯ ಗಾಯಗಳಿಂದ ಎಲುಬು ಮುರಿದುಕೊಂಡೇ ಯುದ್ಧಕ್ಕೆ ನಿಂತಿದ್ದಾನೆ. ಕೋಣೆ ತಿರುಗಿದಾಗ ಪೆಟ್ಟಿಗೆಯೊಂದರಿಂದ ಬರೆದ ಹಾಳೆಗಳು ನೆಲದ ಮೇಲೆಲ್ಲ ಚೆಲ್ಲುತ್ತವೆ. ಪ್ರಾಣ ಹೋಗುವ ಆ ಸಮಯದಲ್ಲಿ ಹುಡುಗನು ಹಾಳೆಗಳ ಮೇಲೆ ಕಾಲಿಡದಂತೆ ಪಾದವನ್ನು ಹೊರಳಿಸುತ್ತಾನೆ.

ಪುಸ್ತಕಕ್ಕೆ ಕಾಲು ತಾಕಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ಕಲಿತು ಬೆಳೆದ ಕನ್ನಡ ವಾಚಕರಿಗೆ ಈ ಪಾದವಿನ್ಯಾಸದ ಅರ್ಥವನ್ನು ವಿವರಿಸಬೇಕಾಗಿಲ್ಲ. ಆದರೆ ಗೊತೋಗೆಯವರು ಅಷ್ಟಕ್ಕೆ ನಿಲ್ಲುವುದಿಲ್ಲ. ಹಾಳೆಗಳನ್ನು ತಪ್ಪಿಸುವುದಕ್ಕಾಗಿ ಇಟ್ಟ ಆ ಹೆಜ್ಜೆಯಿಂದಲೇ, ಗಾಯಗೊಂಡ ದೇಹಕ್ಕೆ ನೋವಾಗದಂತೆ ಚಲಿಸುವ ಮತ್ತು ಉಸಿರಾಡುವ ಕ್ರಮವು ತಾಂಜಿರೊವಿಗೆ ಸಿದ್ಧಿಸುತ್ತದೆ. ಅದರಿಂದಲೇ ಅವನು ಗೆಲ್ಲುತ್ತಾನೆ. ಗೌರವಬುದ್ಧಿಯೇ ಇಲ್ಲಿ ಯುದ್ಧಕೌಶಲ್ಯವಾಗಿ ಪರಿಣಮಿಸಿತು. ಉಪದೇಶವಾಗಿ ಅಂಟಿಸಿದ್ದರೆ ಹಳಸಾಗುತ್ತಿದ್ದ ಭಾವವು ಕಥೆಯ ಕಾರ್ಯಕಾರಣದಲ್ಲಿಯೇ ಸೇರಿಹೋಗಿದೆ. ತಲೆ ಕಡಿದುಬಿದ್ದ ಕ್ಯೋಗಾಯ್ ಕೇಳುವ ಪ್ರಶ್ನೆಯೂ ಲೇಖಕನ ಪ್ರಶ್ನೆಯೇ: ನನ್ನ ವಿದ್ಯೆ ಹೇಗಿತ್ತು? ಅದ್ಭುತವಾಗಿತ್ತು, ಆದರೆ ಜನರನ್ನು ಕೊಂದದ್ದನ್ನು ಕ್ಷಮಿಸಲಾರೆ, ಎಂದು ಹುಡುಗನ ಉತ್ತರ. ಈ ಉತ್ತರದ ಎರಡು ಭಾಗಗಳಲ್ಲಿ ಒಂದನ್ನು ಬಿಟ್ಟರೂ ಪ್ರಸಂಗ ಕೆಡುತ್ತದೆ. ಮೊದಲನೆಯದು ಮಾತ್ರವಿದ್ದರೆ ಭಾವಾತಿರೇಕ, ಎರಡನೆಯದು ಮಾತ್ರವಿದ್ದರೆ ನ್ಯಾಯಾಧೀಶನ ತೀರ್ಪು. ತನ್ನ ಬರಹವೂ ಮದ್ದಳೆಯೂ ತುಳಿಯಲ್ಪಡಲಿಲ್ಲವೆಂಬ ಸಮಾಧಾನದಿಂದ ಕ್ಯೋಗಾಯ್ ಅಳುತ್ತ ಬೂದಿಯಾಗುತ್ತಾನೆ.

ಪ್ರತಿನಾಯಕನಲ್ಲಿ ಕರುಣವನ್ನು ಉದ್ಬೋಧಿಸುವುದು ಕನ್ನಡಿಗರಿಗೆ ಅಪೂರ್ವವಾದ ವಿಷಯವಲ್ಲ. ರನ್ನನ ಗದಾಯುದ್ಧದಲ್ಲಿ ರಣರಂಗದ ಹೆಣಗಳ ನಡುವೆ ನಡೆಯುವ ದುರ್ಯೋಧನನನ್ನೂ, ನಾಗಚಂದ್ರನ ರಾಮಾಯಣದಲ್ಲಿ ಪಶ್ಚಾತ್ತಾಪಪಡುವ ರಾವಣನನ್ನೂ ಕಂಡವರು ಇಲ್ಲಿಯ ದಾರಿಯನ್ನು ಕೂಡಲೇ ಗುರುತಿಸುವರು. ಭೇದವಿರುವುದು ಪಾತ್ರದ ಅಂತಸ್ತಿನಲ್ಲಿ. ಅವರು ಚಕ್ರವರ್ತಿಗಳು, ಪತನಕ್ಕೆ ತಕ್ಕ ಎತ್ತರ ಅವರಿಗಿತ್ತು. ಗೊತೋಗೆಯವರು ಆ ಮರ್ಯಾದೆಯನ್ನು ಸೋತ ಲೇಖಕನಿಗೂ, ರೋಗಿಷ್ಠ ಬಾಲಕನಿಗೂ, ವೇಶ್ಯಾವಾಟಿಯ ಹೊಲಸಿನಲ್ಲಿ ಹುಟ್ಟಿದ ಅಣ್ಣತಂಗಿಯರಿಗೂ ಕೊಟ್ಟಿದ್ದಾರೆ. ಹನ್ನೊಂದನೆಯ ಸಂಪುಟದ ಗ್ಯೂತಾರೊ ಮತ್ತು ದಾಕಿ ಎಂಬ ಈ ಅಣ್ಣತಂಗಿಯರು ತಾಂಜಿರೊ ಮತ್ತು ನೆಜುಕೊ ಇವರಿಗೆ ಹಿಡಿದ ಕನ್ನಡಿ. ತಂಗಿಗೆ ಇಟ್ಟ ಮೊದಲ ಹೆಸರು ಉಮೆ; ಅದು ತಾಯಿಯನ್ನು ಕೊಂದ ರೋಗದ ಹೆಸರಿನಿಂದ ಬಂದದ್ದು. ತಲೆಗಳು ಬಿದ್ದ ಮೇಲೂ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿರುತ್ತಾರೆ. ಗ್ಯೂತಾರೊ ಆಡಬಾರದ ಮಾತನ್ನು ಆಡಿಬಿಡುವಷ್ಟರಲ್ಲಿ ತಾಂಜಿರೊ ಅವನ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ. ಮುಂದೆ ಕತ್ತಲಲ್ಲಿ ಅಣ್ಣನು ತಂಗಿಯನ್ನು ಬೆಳಕಿನ ಕಡೆಗೆ ಹೋಗೆಂದು ಅಟ್ಟುತ್ತಾನೆ. ಅವಳು ಹೋಗಲೊಲ್ಲದೆ ಅವನ ಬೆನ್ನಿಗೆ ಅಂಟಿಕೊಳ್ಳುತ್ತಾಳೆ. ಅವನು ಅವಳನ್ನು ಹೊತ್ತುಕೊಂಡೇ ನರಕದ ಜ್ವಾಲೆಯೊಳಕ್ಕೆ ನಡೆಯುತ್ತಾನೆ. ಅವರು ಮಾಡಿದ ಕೊಲೆಗಳಿಗೆ ನರಕ ತಪ್ಪಲಿಲ್ಲ, ಕರುಣೆಯೂ ತಪ್ಪಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಅಲ್ಪವಾದುದಲ್ಲ. ಕೊಲ್ಲುವವನಿಗೆ ಕೊಲ್ಲಲ್ಪಡುವವನಲ್ಲಿ ಮರುಕ ಹುಟ್ಟಿದರೆ ವೀರರಸವು ನಿಲ್ಲುವುದು ಹೇಗೆ? ತಿನ್ನಲ್ಪಟ್ಟ ನೂರಾರು ನಿರಪರಾಧಿಗಳಿಗೆ ಸಲ್ಲಬೇಕಾದ ಕಣ್ಣೀರನ್ನು ತಿಂದವನಿಗೆ ಸುರಿಸುವುದು ಔಚಿತ್ಯವೇ? ಗ್ರಂಥಕರ್ತರು ಈ ಪ್ರಶ್ನೆಯಿಂದ ತಪ್ಪಿಸಿಕೊಂಡಿಲ್ಲ. ಕಥೆಯೊಳಗೇ ಅದನ್ನು ಪಾತ್ರಗಳ ಬಾಯಿಂದ ಕೇಳಿಸಿದ್ದಾರೆ. ಐದನೆಯ ಸಂಪುಟದಲ್ಲಿ ರೂಯಿ ಎಂಬ ಜೇಡ ಓನಿಯಿದ್ದಾನೆ. ಭಯದಿಂದ ಇತರ ಓನಿಗಳನ್ನು ತಾಯಿ, ತಂದೆ, ಅಕ್ಕ, ಅಣ್ಣ ಎಂದು ನಟಿಸುವಂತೆ ಮಾಡಿಕೊಂಡಿರುವ ಬಾಲಕ ಇವನು. ಹೆತ್ತ ತಂದೆತಾಯಿಗಳು ಮಗ ಓನಿಯಾದ ಪಾಪದಲ್ಲಿ ಪಾಲುಗೊಂಡು ಅವನೊಡನೆ ತಾವೂ ಸಾಯಲು ಬಯಸಿದ್ದರೆಂಬುದು ಅವರನ್ನು ಕೊಂದ ಮೇಲೆ ಅವನಿಗೆ ತಿಳಿಯಿತು. ಅವನ ದೇಹ ಉದುರಿ ಬಟ್ಟೆ ಮಾತ್ರ ಉಳಿದಾಗ ಗಿಯು ಅದರ ಮೇಲೆ ಕಾಲಿಟ್ಟು ನಿಂತು, ಓನಿಗಳಿಗೆ ಮರುಗಬೇಡವೆಂದು ಬುದ್ಧಿ ಹೇಳುತ್ತಾನೆ. ತಾಂಜಿರೊ ಅವನಿಗೆ ಕೊಡುವ ಉತ್ತರದ ತಾತ್ಪರ್ಯವಿದು: ಸತ್ತವರ ಸಂಕಟವನ್ನು ತೀರಿಸಲು, ಇನ್ನಾರೂ ಸಾಯದಂತೆ ತಡೆಯಲು, ಓನಿಯ ತಲೆಯನ್ನು ಹಿಂಜರಿಯದೆ ಕಡಿಯುವೆನು, ಆದರೆ ಓನಿಯಾದುದಕ್ಕೆ ದುಃಖಿಸುವವನನ್ನು ತುಳಿಯಲಾರೆನು, ಅವನೂ ನನ್ನಂತೆ ಮನುಷ್ಯನಾಗಿದ್ದವನು, ಕಾಲು ತೆಗೆಯಿರಿ.

ಈ ಗಿಯು ತೊಟ್ಟಿರುವ ಮೇಲಂಗಿಯೂ ಎರಡು ತುಂಡುಗಳನ್ನು ಕೂಡಿಸಿ ಹೊಲಿದದ್ದು. ಒಂದು ಅರ್ಧ ಸತ್ತ ಅಕ್ಕನದು, ಇನ್ನೊಂದರ್ಧ ಸತ್ತ ಗೆಳೆಯನದು. ಅಂಥವನು ಇನ್ನೊಬ್ಬನ ಬಟ್ಟೆಯನ್ನು ತುಳಿದು ನಿಂತದ್ದನ್ನು ಗ್ರಂಥಕರ್ತರು ಟೀಕೆಯಿಲ್ಲದೆ ಚಿತ್ರಿಸಿದ್ದಾರೆ. ಎರಡನೆಯ ಬಾರಿ ಓದುವವರಿಗೆ ಮಾತ್ರ ಕಾಣುವಂತೆ ಬಚ್ಚಿಟ್ಟ ಧ್ವನಿ ಇದು.

ಆಲಂಕಾರಿಕರು ವೀರವನ್ನು ಯುದ್ಧವೀರ, ದಾನವೀರ, ದಯಾವೀರ ಎಂದು ವಿಭಾಗಿಸಿದ್ದಾರೆ. ದಯಾವೀರನಿಗೆ ಎಲ್ಲರೂ ಕೊಡುವ ಉದಾಹರಣೆ ಶ್ರೀಹರ್ಷನ ನಾಗಾನಂದದ ಜೀಮೂತವಾಹನ; ಶಂಖಚೂಡನಿಗೆ ಬದಲಾಗಿ ತನ್ನ ದೇಹವನ್ನೇ ಗರುಡನಿಗೆ ಒಪ್ಪಿಸಿದವನು. ಆದರೆ ಅವನ ಕೈಯಲ್ಲಿ ಆಯುಧವಿರಲಿಲ್ಲ. ಕೊಲ್ಲಬೇಕಾದ ಕರ್ತವ್ಯವೂ ಅವನಿಗಿರಲಿಲ್ಲ. ಯುದ್ಧವೀರನೂ ದಯಾವೀರನೂ ಒಂದೇ ದೇಹದಲ್ಲಿ, ಒಂದೇ ಕ್ಷಣದಲ್ಲಿ, ಒಂದೇ ವ್ಯಕ್ತಿಯ ವಿಷಯದಲ್ಲಿ ಸೇರಬೇಕಾದರೆ ಏನಾಗುವುದೆಂಬುದನ್ನು ಹಳೆಯ ಉದಾಹರಣೆಗಳು ತೋರಿಸುವುದು ಕಡಿಮೆ. ಇದ್ದಿಲು ಮಾರುವ ಹುಡುಗನಲ್ಲಿ ಅದು ತೋರಿದೆ. ದಯೆಯು ಖಡ್ಗವನ್ನು ತಡೆಯುವುದಿಲ್ಲ, ಖಡ್ಗವು ದಯೆಯನ್ನು ಕಡಿಯುವುದಿಲ್ಲ. ಇವನ ಸ್ಥಾಯಿಭಾವ ಉತ್ಸಾಹವೇ. ಶೋಕವು ಸಂಚಾರಿಯಾಗಿ ಬಂದು ಹೋಗುತ್ತದೆ. ಶೋಕದಲ್ಲಿ ನೆಲೆಸುವವರು ವಾಚಕರು. ಹೀಗೆ ನಾಯಕನಲ್ಲಿ ವೀರವನ್ನೂ ಸಹೃದಯನಲ್ಲಿ ಕರುಣವನ್ನೂ ಬೇರೆ ಬೇರೆಯಾಗಿ ನಿಲ್ಲಿಸಿದುದರಿಂದಲೇ ಆ ಎರಡಕ್ಕೂ ವಿರೋಧ ಬರಲಿಲ್ಲ.

ಇನ್ನು ರಕ್ತಪಾತದ ವಿಷಯ. ವಧೆಯನ್ನೂ ಯುದ್ಧವನ್ನೂ ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಬಾರದೆಂಬುದು ನಾಟ್ಯಶಾಸ್ತ್ರಜ್ಞರ ಸಂಪ್ರದಾಯ. ಆ ನಿಯಮವನ್ನು ಮೀರಿದ ನಾಟಕವೆಂದರೆ ಊರುಭಂಗ. ತಿರುವನಂತಪುರದಲ್ಲಿ ಗಣಪತಿ ಶಾಸ್ತ್ರಿಗಳು 1912ರಿಂದ ಭಾಸನವೆಂದು ಪ್ರಕಟಿಸತೊಡಗಿದ ರೂಪಕಗಳಲ್ಲಿ ಅದೂ ಒಂದು. ತೊಡೆ ಮುರಿದುಕೊಂಡ ದುರ್ಯೋಧನನು ಅಲ್ಲಿ ಪ್ರೇಕ್ಷಕರ ಕಣ್ಣೆದುರಿಗೇ ಪ್ರಾಣಬಿಡುತ್ತಾನೆ, ತೊಡೆಯೇರಲು ಬಂದ ಮಗನನ್ನು ಏರಗೊಡಿಸಲಾರದೆ ತೊಳಲುತ್ತಾನೆ. ಮರಣವನ್ನು ತೋರಿಸುವುದೇ ದೋಷವಲ್ಲ, ಏತಕ್ಕಾಗಿ ತೋರಿಸಿದರೆಂಬುದೇ ವಿಚಾರ, ಎಂಬುದಕ್ಕೆ ಆ ನಾಟಕ ಸಾಕ್ಷಿ. ಗೊತೋಗೆಯವರ ಮೊದಲ ಅಧ್ಯಾಯವನ್ನು ಈ ದೃಷ್ಟಿಯಿಂದ ಪರೀಕ್ಷಿಸಿದರೆ, ತಾಯಿಮಕ್ಕಳ ಕೊಲೆ ನೇಪಥ್ಯದಲ್ಲಿಯೇ ನಡೆದುಹೋಗಿರುವುದು ಕಾಣುತ್ತದೆ. ಓದುಗರು ತಾಂಜಿರೊವಿನ ಜೊತೆಗೆ ಬೆಳಗ್ಗೆ ಬಂದು ನೋಡುವರೇ ಹೊರತು ರಾತ್ರಿಯ ಕೃತ್ಯವನ್ನು ಕಾಣರು. ಕೊಲೆಯ ಸುಖವನ್ನು ವಾಚಕರಿಗೆ ಉಣಿಸುವ ಉದ್ದೇಶವಿದ್ದವರು ಹಾಗೆ ಮಾಡುತ್ತಿರಲಿಲ್ಲ. ಇಷ್ಟಿದ್ದರೂ ಮುಂದಿನ ಸಂಪುಟಗಳಲ್ಲಿ ಕೈಕಾಲುಗಳು ಹಾರುವ ಪುಟಗಳು ಬೇಕಾದುದಕ್ಕಿಂತ ಹೆಚ್ಚಾಗಿಯೇ ಇವೆ. ಎಂಟು ಹತ್ತು ವರ್ಷದ ಮಕ್ಕಳ ಕೈಗೆ ಇದನ್ನು ಕೊಡುವುದು ವಿಹಿತವಲ್ಲ. ಪ್ರೌಢಶಾಲೆಯ ಮೇಲಿನ ತರಗತಿಗಳ ಹುಡುಗರು ಓದಿದರೆ ಕೆಡುವರೆಂಬುದು ಮಾತ್ರ ನಿರಾಧಾರವಾದ ಭೀತಿ.

ದೋಷಗಳನ್ನು ಹೇಳದೆ ಬಿಡುವುದು ವಿಮರ್ಶೆಗೆ ಸಲ್ಲದು. ರಸವನ್ನೂ ಭಾವವನ್ನೂ ಅವುಗಳ ಹೆಸರಿನಿಂದಲೇ ಹೇಳಿಬಿಡುವ ಸ್ವಶಬ್ದವಾಚ್ಯತ್ವವನ್ನು ಮಮ್ಮಟನು ರಸದೋಷಗಳಲ್ಲಿ ಮೊದಲು ಎಣಿಸಿದ್ದಾನೆ. ಈ ಗ್ರಂಥದ ದೊಡ್ಡ ರೋಗವೇ ಅದು. ಖಡ್ಗವೆತ್ತಿದ ತಾಂಜಿರೊ ತಾನು ಏನು ಮಾಡುತ್ತಿರುವನೆಂದೂ, ಎಷ್ಟು ನೋಯುತ್ತಿದೆಯೆಂದೂ, ಏಕೆ ಸೋಲಬಾರದೆಂದೂ ಮನಸ್ಸಿನಲ್ಲಿಯೇ ವ್ಯಾಖ್ಯಾನಿಸಿಕೊಳ್ಳುತ್ತಾನೆ. ಚಿತ್ರ ಹೇಳಿದ್ದನ್ನೇ ಅಕ್ಷರವು ಎರಡನೆಯ ಬಾರಿ ಹೇಳುತ್ತದೆ. ತಾನು ಹಿರಿಯ ಮಗನಾದುದರಿಂದ ಈ ನೋವನ್ನು ತಡೆದುಕೊಳ್ಳಬಲ್ಲೆನೆಂದು ಅವನು ತನಗೆ ತಾನೇ ಹೇಳಿಕೊಳ್ಳುವ ಮಾತು ಒಂದು ಸಲ ಕೇಳಿದಾಗ ಹೃದ್ಯವಾಗಿದೆ. ಮನೆಗೆ ಹಿರಿಯರಾಗಿ ಹುಟ್ಟಿದವರಿಗೆ ನಗುವಿನೊಡನೆ ಕಣ್ಣೂ ತೇವವಾದೀತು. ಅಂಥ ಮಾತು ಪ್ರತಿಪುಟದಲ್ಲಿಯೂ ಬಂದರೆ ಸ್ವಾರಸ್ಯವೆಲ್ಲಿ? ಜೆನಿತ್ಸು ಎಂಬ ಸಹಚರನ ಗೋಳಾಟವೂ ಇಂಥದೇ. ಹೇಡಿಯಾದ ವಿದೂಷಕನು ನಿದ್ರೆ ಹೋದಾಗ ಮಾತ್ರ ಶೂರನಾಗುವನೆಂಬ ಕಲ್ಪನೆ ಚೆನ್ನಾಗಿದೆಯಾದರೂ, ಅವನ ಅರಚಾಟವನ್ನು ಅಕಾಂಡದಲ್ಲಿ ತಂದು ಭಯಾನಕವನ್ನು ಕೆಡಿಸಿದ ಕಡೆಗಳು ಹಲವು. ಆರಂಭದ ಸಂಪುಟಗಳ ರೇಖೆಗಳು ಕೃಶವಾಗಿ ಅಳುಕುವುದುಂಟು. ನೀರಿನ ಖಡ್ಗವಿದ್ಯೆಯನ್ನು ಹಳೆಯ ಮರದಚ್ಚಿನ ಚಿತ್ರಗಳ ಅಲೆಗಳಂತೆ ಬರೆದಿರುವ ಪುಟಗಳು ಇದಕ್ಕೆ ಅಪವಾದ.

ಇನ್ನೊಂದು ದೋಷವು ಗುಣದಿಂದಲೇ ಹುಟ್ಟಿದ್ದು. ಮತ್ತೆ ಮತ್ತೆ ಒಂದೇ ರಸವನ್ನು ಉದ್ದೀಪಿಸುವುದೂ ದೋಷವೆಂದು ಮಮ್ಮಟನ ಮತ. ಕುಮಾರಸಂಭವದ ರತಿವಿಲಾಪವನ್ನೇ ಅವನು ಉದಾಹರಿಸಿದ್ದಾನೆ. ಕಾಳಿದಾಸನನ್ನೂ ಬಿಡದ ಆ ತಕ್ಕಡಿಯಲ್ಲಿ ಗೊತೋಗೆಯವರು ಹಗುರವಾಗುವುದು ಸಹಜ. ತಲೆ ಬಿದ್ದ ಕೂಡಲೇ ಪೂರ್ವಸ್ಮೃತಿ, ಸ್ಮೃತಿಯಲ್ಲಿ ಬಡತನ ಅಥವಾ ರೋಗ, ಕೊನೆಗೆ ಅಗಲಿದವರ ಮುಖ. ಈ ಕ್ರಮ ನಾಲ್ಕಾರು ಸಲ ಆವರ್ತಿಸಿದ ಮೇಲೆ ವಾಚಕರು ಕಣ್ಣೀರನ್ನು ಮುಂಗಡವಾಗಿಯೇ ಸಿದ್ಧಮಾಡಿಕೊಂಡು ಕುಳಿತಿರುತ್ತಾರೆ. ಹದಿನೆಂಟನೆಯ ಸಂಪುಟದ ಅಕಾಜನ ಪ್ರಸಂಗವೊಂದೇ ಈ ಯಾಂತ್ರಿಕತೆಯನ್ನು ದಾಟಿದ್ದು. ತಂದೆಯ ಔಷಧಕ್ಕಾಗಿ ಕಳವು ಮಾಡಿ, ಆ ತಂದೆಯೇ ನಾಚಿಕೆಯಿಂದ ನೇಣುಹಾಕಿಕೊಂಡದ್ದನ್ನು ಕಂಡವನು ಅವನು. ಬಳಿಕ ಆಶ್ರಯಕೊಟ್ಟ ಗುರುವನ್ನೂ, ಮದುವೆಯಾಗಬೇಕಾಗಿದ್ದ ಗುರುಪುತ್ರಿಯನ್ನೂ ವಿಷವಿಕ್ಕಿದ ಬಾವಿಯಿಂದಾಗಿ ಕಳೆದುಕೊಂಡವನು. ಇತರರಲ್ಲಿ ನೆನಪು ಯುದ್ಧ ಮುಗಿದ ಮೇಲೆ ಬರುತ್ತದೆ. ಅಕಾಜನಲ್ಲಿ ಯುದ್ಧವಿನ್ನೂ ಮುಗಿದಿಲ್ಲ. ಕಡಿದ ಕಂಠದ ಮೇಲೆ ತಲೆ ಮತ್ತೆ ಮೊಳೆಯುವ ಸ್ಥಿತಿಗೆ ಅವನು ಬಂದಿದ್ದಾನೆ, ಗೆಲ್ಲಲೂ ಬಹುದಾಗಿತ್ತು. ಆಗ ನೆನಪು ಬರುತ್ತದೆ, ಅವನು ತನ್ನ ಪ್ರಹಾರವನ್ನು ತನ್ನ ಮೇಲೆಯೇ ತಿರುಗಿಸಿಕೊಂಡು ಸಾಯುತ್ತಾನೆ. ಸ್ಮೃತಿಯು ಇಲ್ಲಿ ಅಲಂಕಾರವಲ್ಲ, ಕಥೆಯನ್ನು ನಡೆಸಿದ ಕ್ರಿಯೆ.

ಮುಜಾನನ ವಿಷಯದಲ್ಲಿ ಮಾತ್ರ ಗ್ರಂಥಕರ್ತರು ಕರುಣೆಯ ಬಾಗಿಲನ್ನು ಮುಚ್ಚಿದ್ದಾರೆ. ಸಾವಿರ ವರ್ಷಗಳ ಹಿಂದೆ ಅವನು ಇಪ್ಪತ್ತು ತುಂಬುವ ಮೊದಲೇ ಸಾಯುವನೆಂದು ಗೊತ್ತಾಗಿದ್ದ ರೋಗಿ. ದಯಾಳುವಾದ ವೈದ್ಯನೊಬ್ಬನು ಹೊಸ ಔಷಧವನ್ನು ಕೊಡುತ್ತಿರಲು, ಗುಣವಾಗಲಿಲ್ಲವೆಂಬ ಕೋಪದಿಂದ ಅವನನ್ನು ಕೊಂದನು. ಕೊಂದ ಮೇಲೆ ಔಷಧ ಫಲಿಸಿರುವುದು ತಿಳಿಯಿತು. ಬಿಸಿಲಿಗೆ ಬರುವ ಶಕ್ತಿಯೊಂದು ಮಾತ್ರ ಸಿದ್ಧಿಸಲಿಲ್ಲ, ಅದನ್ನು ಸಿದ್ಧಿಸಿಕೊಡಬಲ್ಲವನು ಸತ್ತಿದ್ದನು. ಇಂಥ ಮೂಲವೃತ್ತಾಂತ ಬೇರೆ ಓನಿಗಿದ್ದರೆ ಅದರಿಂದ ಕಣ್ಣೀರು ತೆಗೆಯುತ್ತಿದ್ದರು. ಮುಜಾನನಿಗೆ ಅದು ನಿಷೇಧಿಸಲ್ಪಟ್ಟಿದೆ. ಇದು ಪಕ್ಷಪಾತವೆಂದು ಕೆಲವರಿಗೆ ತೋರಬಹುದು. ವಿಚಾರಿಸಿದರೆ ಹಾಗಲ್ಲ. ಇತರರಿಗೆ ಸಾಯುವಾಗ ಯಾರೋ ಒಬ್ಬರು ನೆನಪಾಗುತ್ತಾರೆ. ಮುಜಾನನಿಗೆ ನೆನಪಾಗಲು ತನ್ನ ಹೊರತು ಯಾರೂ ಇಲ್ಲ. ಆಲಂಬನವೇ ಇಲ್ಲದಲ್ಲಿ ಶೋಕವು ಹುಟ್ಟುವುದೆಲ್ಲಿ? ಕೊನೆಯ ಉಷಃಕಾಲದಲ್ಲಿ ಬಿಸಿಲಿಗೆ ಬೆದರಿ ಅವನು ತನ್ನ ಮಾಂಸವನ್ನು ಉಬ್ಬಿಸಿಕೊಂಡು ಬೃಹತ್ತಾದ ಶಿಶುವಿನ ಆಕಾರವನ್ನು ತಾಳಿ ತೆವಳುತ್ತಾನೆ. ಸಾವಿರ ವರ್ಷ ಬದುಕಿದವನು ಸಾವಿನ ಭಯದಿಂದ ಕೂಸಾಗುವ ಈ ಚಿತ್ರಕ್ಕೆ ಗ್ರಂಥಕರ್ತರು, ಇದೊಂದು ಸಲವಾದರೂ, ವ್ಯಾಖ್ಯಾನವನ್ನು ಕಡಿಮೆ ಮಾಡಿದ್ದಾರೆ. ಅನಂತರ ತಾಂಜಿರೊವೇ ಅಲ್ಪಕಾಲ ಓನಿಯಾಗುವ ಪ್ರಸಂಗ ಬರುತ್ತದೆ. ಅಷ್ಟು ಹೊತ್ತಿಗೆ ಮನುಷ್ಯತ್ವವನ್ನು ಮರಳಿ ಪಡೆದಿದ್ದ ತಂಗಿ, ಮೊದಲ ಅಧ್ಯಾಯದಲ್ಲಿ ಅವನು ತನ್ನನ್ನು ತಬ್ಬಿದಂತೆಯೇ, ಅವನನ್ನು ತಬ್ಬಿ ನಿಲ್ಲುತ್ತಾಳೆ. ಪೆಟ್ಟಿಗೆ ಹೊತ್ತ ಬೆನ್ನಿಗೆ ಆ ಋಣ ಹಿಂದಿರುಗದೆ ಕಥೆ ಮುಗಿಯುವಂತಿರಲಿಲ್ಲ.

ಅಷ್ಟಕ್ಕೇ ಮುಗಿಸಿದ್ದರೆ ಒಳ್ಳೆಯದಿತ್ತು. 205ನೆಯ ಅಧ್ಯಾಯವು ಕಥೆಯನ್ನು ಇಂದಿನ ಕಾಲಕ್ಕೆ ಎಳೆದು ತಂದು, ಸತ್ತವರಲ್ಲಿ ಹಲವರನ್ನು ಪುನರ್ಜನ್ಮದಿಂದಲೋ ವಂಶಪರಂಪರೆಯಿಂದಲೋ ಮತ್ತೆ ನಗುಮುಖದಿಂದ ನಿಲ್ಲಿಸುತ್ತದೆ. ಪುನರ್ಜನ್ಮದಲ್ಲಿ ನಂಬಿಕೆಯುಳ್ಳ ಓದುಗರಿಗೂ ಇದು ಅತಿಯಾಯಿತೆನ್ನಿಸದಿರದು. ಸತ್ತವರಿಗಾಗಿ ಸುರಿಸಿದ ಕಣ್ಣೀರನ್ನು ಹಿಂದಕ್ಕೆ ಕೊಟ್ಟಂತಾಗಿದೆ. ಆ ಅಧ್ಯಾಯದಲ್ಲಿ ಉಳಿಸಿಕೊಳ್ಳತಕ್ಕ ಒಂದು ಸಂಗತಿಯಿದೆ. ಜೆನಿತ್ಸು ಮುದುಕನಾದ ಮೇಲೆ ತಮ್ಮೆಲ್ಲರ ಬೇಟೆಯ ವೃತ್ತಾಂತವನ್ನು ಬರೆದಿಟ್ಟಿದ್ದನಂತೆ. ಅವನ ವಂಶದ ಹುಡುಗನೊಬ್ಬನು ಇಂದಿನ ಮನೆಯಲ್ಲಿ ಕುಳಿತು ಅದನ್ನೋದಿ ಗಳಗಳನೆ ಅಳುತ್ತಾನೆ. ಅದೆಲ್ಲ ಮುತ್ತಜ್ಜನು ಕಟ್ಟಿದ ಸುಳ್ಳಿನ ಕಂತೆಯೆಂದು ಅವನ ಅಕ್ಕ ಬೈಯುತ್ತಾಳೆ. ಅವನು ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಓದುತ್ತಲೇ ಇರುತ್ತಾನೆ.